ಇತಿಹಾಸದ ಮೇಷ್ಟ್ರಾಗಿರುವ ಗೆಳೆಯನಿಗೆ: ಮೊದಲು ಕಲ್ಲು, ಆಮೇಲೆ ಪಾಠ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಉಳಿದಿದೆ. ಇತಿಹಾಸದ ಪಿರಿಯಡ್ಡಿನಲ್ಲಿ ಮಕ್ಕಳು ಬಾಯೇ ಬಿಡುವುದಿಲ್ಲ, "ನೋಟ್ಸ್ ಕೊಡಿ ಸಾರ್" ಅನ್ನುತ್ತಾರೆ ಅಷ್ಟೇ ಅಂದೆ. ಅವರನ್ನು ಬೈದು ಪ್ರಯೋಜನವಿಲ್ಲ ಕಣೋ. ಉತ್ತರವನ್ನು ನಾವೇ ಮೊದಲು ಹೇಳಿಬಿಟ್ಟರೆ ಅವರು ಕೇಳುವುದಕ್ಕೆ ಏನು ಉಳಿಯುತ್ತದೆ?

ಗಂಗರು, ರಾಷ್ಟ್ರಕೂಟರ ಪಾಠವನ್ನು ನಾನೀಗ ಆತಕೂರಿನ ಶಾಸನದಿಂದ ಶುರು ಮಾಡುತ್ತೇನೆ. ಆತಕೂರು ಮದ್ದೂರು ತಾಲ್ಲೂಕಿನ ಊರು, ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಸೇರಿದೆ. ಇಸವಿ ಹೇಳುವುದಿಲ್ಲ, ರಾಜನ ಹೆಸರೂ ಹೇಳುವುದಿಲ್ಲ. ಕಲ್ಲಿನ ಮೇಲಿರುವ ಕೆತ್ತನೆಯ ಫೋಟೋ ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ಬೆಂಚಿಗೊಂದು ಕೊಡುತ್ತೇನೆ. ಒಂದು ನಾಯಿ, ಒಂದು ಕಾಡುಹಂದಿ, ಎರಡೂ ಕಾದಾಡುತ್ತಿವೆ. ಏನು ಕಾಣುತ್ತದೋ ಬರೆಯಿರಿ ಅಂತ ಹೇಳಿ ಸುಮ್ನೆ ಕೂತುಬಿಡುತ್ತೇನೆ. ಹಾಗೆ ಕೂರುವುದೇ ಕಷ್ಟ, ನಿನಗೂ ಗೊತ್ತಾಗುತ್ತದೆ.

ಆಮೇಲೆ ಶಾಸನದ ಸಾಲುಗಳು, ಪಕ್ಕದಲ್ಲಿ ನಾನು ಬರೆದ ಸುಲಭ ಕನ್ನಡ. ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನುವ ವೀರನಿಗೆ ಅವನ ಒಡೆಯ "ಮೆಚ್ಚಿದೆ, ಬೇಡಿಕೋ" ಅನ್ನುತ್ತಾನೆ. ಅವನು ಊರು ಕೇಳುವುದಿಲ್ಲ, ಚಿನ್ನ ಕೇಳುವುದಿಲ್ಲ, ಕಾಳಿ ಅನ್ನುವ ನಾಯಿಯನ್ನು ಕೇಳುತ್ತಾನೆ. ಆ ನಾಯಿ ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸಾಯುತ್ತವೆ. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಡುತ್ತಾರೆ. ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ಪಾಪ ತಟ್ಟುತ್ತದೆ ಅಂತಲೂ ಕೆತ್ತಿಸಿದ್ದಾರೆ.

ಇಷ್ಟು ಓದಿದ ಮೇಲೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. "ನಾಯಿ ಸತ್ತೇ ಹೋಗಿದೆಯಲ್ಲ ಸಾರ್, ಮತ್ತೆ ಗದ್ದೆ ಯಾರಿಗೆ?" ಅಂತ ಒಬ್ಬಳು ಕೇಳಿದಳು. ದತ್ತಿ, ಪೂಜೆ, ಆ ಭೂಮಿಯ ಬೆಳೆ ಯಾರ ಮನೆ ಸೇರುತ್ತಿತ್ತು, ಎಲ್ಲ ಆ ಒಂದು ಪ್ರಶ್ನೆಯಿಂದಲೇ ಬಿಚ್ಚಿಕೊಂಡಿತು. ಖಂಡುಗ ಅಂದರೆ ಎಷ್ಟು ಅಂತ ನಾನು ಹೇಳಲಿಲ್ಲ, ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದೆ. ಮರುದಿನ ಒಬ್ಬ ಹುಡುಗ ತಾತನನ್ನು ಕೇಳಿ ಬಂದು, ಇಪ್ಪತ್ತು ಕೊಳಗ (ಕಾಳು ಅಳೆಯುವ ಹಳೇ ಅಳತೆ) ಬೀಜ ಬಿತ್ತುವಷ್ಟು ಜಮೀನು ಅಂತ ಬೋರ್ಡಿನ ಮೇಲೆ ಬರೆದ. ಅವನು ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ ಮಾತೇ ಆಡದೆ ಕೂರುವ ಹುಡುಗ.

ಇನ್ನೂ ಒಂದು ಹೆಜ್ಜೆ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಪಠ್ಯಪುಸ್ತಕದಲ್ಲಿ 949ರ ತಕ್ಕೋಲಂ ಯುದ್ಧ ಒಂದೇ ಸಾಲು, ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ, ಮುಗೀತು. ಆದರೆ ಇದೇ ಆತಕೂರಿನ ಕಲ್ಲು, ಚೋಳ ರಾಜಕುಮಾರ ರಾಜಾದಿತ್ಯನನ್ನು ಕೃಷ್ಣನ ಕಡೆಯಿಂದ ಕಾದಿದ ಗಂಗರ ದೊರೆ ಬೂತುಗ ಸುರಗಿಯಿಂದ, ಅಂದರೆ ಚಿಕ್ಕ ಕತ್ತಿಯಿಂದ, ಇರಿದು ಕೊಂದ ಅನ್ನುತ್ತದೆ. ಚೋಳರ ಲೈಡನ್ ತಾಮ್ರಪಟಗಳು ಆನೆಯ ಮೇಲೆ ಕೂತಿದ್ದವನ ಎದೆಗೆ ಬಾಣ ನಾಟಿತು, ವೀರಸ್ವರ್ಗ ಸೇರಿದ ಅನ್ನುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳು: ಇದನ್ನು ಬರೆಸಿದ್ದು ಯಾರು, ಯಾವಾಗ, ಯಾಕೆ? ಕಲ್ಲು ಯುದ್ಧ ನಡೆದ ಹೊಸತರಲ್ಲೇ ಹಾಕಿಸಿದ್ದು, ತಾಮ್ರಪಟ ಐವತ್ತು ವರ್ಷಕ್ಕೂ ಜಾಸ್ತಿ ಆದಮೇಲಿನದ್ದು ಅಂತ ಅವರೇ ಲೆಕ್ಕ ಹಾಕುತ್ತಾರೆ. ಮೊದಲು ಬಾಣ, ಆಮೇಲೆ ಸುರಗಿ, ಎರಡೂ ಆಗಿರಬಹುದಲ್ವಾ ಅಂತ ಒಂದು ಗುಂಪು. ಸೋತವರು ತಮ್ಮ ರಾಜಕುಮಾರನ ಸಾವನ್ನು ಚೆನ್ನಾಗಿ ಕಾಣುವ ಹಾಗೆ ಬರೆಸಿಕೊಂಡರು ಅಂತ ಇನ್ನೊಂದು ಗುಂಪು. ಗೆದ್ದವರು ಮಾತ್ರ ಕೊಚ್ಚಿಕೊಳ್ಳುವುದಿಲ್ಲವಾ ಅಂತ ಮೊದಲನೆಯವರು ತಿರುಗಿಬಿದ್ದರು.

ಯಾವುದು ಸರಿ ಅಂತ ಮಾತ್ರ ಕೊನೆಯಲ್ಲಿ ನೀನು ತೀರ್ಪು ಕೊಡಬೇಡ. ಕೊಟ್ಟರೆ ಮುಂದಿನ ಸಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನಿನ್ನ ಮುಖ ನೋಡುತ್ತಾ ಕಾಯುತ್ತಾರೆ. ಯಾವ ಸಾಲನ್ನು ನಂಬಿ ಹಾಗೆ ಹೇಳುತ್ತೀರಿ, ತೋರಿಸಿ, ಅಂತ ಕೇಳಿದರೆ ಸಾಕು.

ಸಿಲಬಸ್ ಮುಗಿಯಲ್ಲ ಅನ್ನುತ್ತೀಯ, ನಿಜ. ಎಲ್ಲ ಪಾಠಕ್ಕೂ ಹೀಗೆ ಮಾಡಲು ಆಗುವುದಿಲ್ಲ. ತಿಂಗಳಿಗೆ ಒಂದು ಆಧಾರ, ಎರಡು ಪಿರಿಯಡ್ಡು, ಉಳಿದದ್ದನ್ನು ಎಂದಿನಂತೆ ಓಡಿಸು. ಪರೀಕ್ಷೆಗೆ ಬೇಕಾದ ಇಸವಿಗಳೂ ಹೀಗೆ ಓದಿದಾಗ ಚೆನ್ನಾಗಿಯೇ ನೆನಪಿರುತ್ತವೆ.

ನಿನ್ನ ಶಾಲೆ ಶಿಕಾರಿಪುರದ ಕಡೆ, ಅಲ್ಲಿ ವೀರಗಲ್ಲಿಗೇನು ಬರವೇ? ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟದಲ್ಲಿ ನಿಮ್ಮ ತಾಲ್ಲೂಕಿನ ಶಾಸನಗಳಿವೆ, ಸ್ಕ್ಯಾನ್ ಮಾಡಿದ ಪ್ರತಿ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಶಾಲೆಗೆ ಹತ್ತಿರದ ಊರಿನ ಹೆಸರು ಹುಡುಕು. ಮಕ್ಕಳು ನಡೆದುಕೊಂಡು ಹೋಗಿ ನೋಡಿಬರುವ ಕಲ್ಲಾದರೆ ಇನ್ನೂ ಒಳ್ಳೆಯದು. ನನ್ನ ಆತಕೂರಿನ ಹಾಳೆಗಳನ್ನು ವಾಟ್ಸ್ಆ್ಯಪ್ ಮಾಡುತ್ತೇನೆ, ನಿನ್ನ ಕಲ್ಲು ಸಿಕ್ಕಿದಾಗ ಅದರ ಫೋಟೋ ನನಗೂ ಕಳಿಸು.

ನಿನ್ನ ಗೆಳೆಯ