ಎಂಬಿಎ ಸೀಟಿಗೆ ಕೆಲಸದ ಅನುಭವವೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಬಿ.ಇ. ಮುಗಿಸಿದ ವರ್ಷವೇ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು ಎಂಬಿಎ ಸೇರುವ ಇಂಜಿನಿಯರಿಂಗ್ ಪದವೀಧರರು ನಮ್ಮ ರಾಜ್ಯದಲ್ಲಿ ಬಹಳ ಮಂದಿ ಇದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಪ್ರವೇಶದ ಪದ್ಧತಿಯೇ ಹಾಗಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸೀಟು ಹಂಚುವುದು ಪರೀಕ್ಷೆಯ ರ‍್ಯಾಂಕ್ ಮತ್ತು ಮೀಸಲಾತಿಯ ಆಧಾರದ ಮೇಲೆ. ಮೂರು ವರ್ಷ ಕಾರ್ಖಾನೆಯಲ್ಲಿ ಬೆವರು ಸುರಿಸಿದವರಿಗೂ ಮೊನ್ನೆಯಷ್ಟೇ ಕೊನೆಯ ಸೆಮಿಸ್ಟರ್ ಬರೆದವರಿಗೂ ಅಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಆದರೆ ಇಬ್ಬರ ನಡುವಿನ ನಿಜವಾದ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಯಾವುದೇ ಫೌಂಡ್ರಿಯಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಕೊಟೇಶನ್ ತಯಾರಾಗುವಾಗ ಗೊತ್ತಾಗುತ್ತದೆ. ಹೊಸ ಇಂಜಿನಿಯರ್ ಎರಕದ ತೂಕ, ಕರಗಿಸಲು ತಗಲುವ ವಿದ್ಯುತ್ತು, ಮರಳು, ಗ್ರೈಂಡಿಂಗ್, ರಿಜೆಕ್ಷನ್ ಎಲ್ಲವನ್ನೂ ಚಾಚೂ ತಪ್ಪದೆ ಲೆಕ್ಕ ಹಾಕಿ ಕಿಲೋಗೆ ಇಷ್ಟು ಎಂದು ದರ ಬರೆಯುತ್ತಾನೆ. ಆದರೆ ಬೀಡುಕಬ್ಬಿಣ ಮಾರುವವನಿಗೆ ಕೂಡಲೇ ಹಣ ಕೊಡಬೇಕು; ಬಿಲ್ಲಿನ ಮೇಲಿನ ಶೇ 18ರ ಜಿಎಸ್‌ಟಿಯನ್ನು, ಗಿರಾಕಿ ಹಣ ಕೊಡಲಿ ಬಿಡಲಿ, ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು; ಗಿರಾಕಿಯ ಹಣ ಮಾತ್ರ ಮೂರು ತಿಂಗಳ ನಂತರ ಬರುತ್ತದೆ. ಆ ನಡುವಿನ ಬಡ್ಡಿ ಹೊಸ ಇಂಜಿನಿಯರ್ ಬರೆದ ದರದಲ್ಲಿ ಇರುವುದೇ ಇಲ್ಲ. (ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ, ನಿಜ. ಆದರೆ ದೂರು ಕೊಟ್ಟವರಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ?) ದುಡಿಯುವ ಬಂಡವಾಳ (ಗಿರಾಕಿಯ ಹಣ ಬರುವವರೆಗೆ ವ್ಯವಹಾರ ನಡೆಸಲು ಬೇಕಾದ ಹಣ) ಎಂಬ ಪಾಠವನ್ನು ಇಂಥ ಪೇಚಾಟ ಕಂಡವರು ಕೇಳುವ ರೀತಿಯೇ ಬೇರೆ. ಅವರ ಬಳಿ ಪ್ರಾಧ್ಯಾಪಕರಿಗೆ ಕೇಳಲು ಪ್ರಶ್ನೆಗಳಿರುತ್ತವೆ. ಕಾಣದವರು ಅದನ್ನು ಹತ್ತು ಅಂಕದ ಪ್ರಶ್ನೆಯೆಂದು ಓದಿಕೊಂಡು, ಪದವಿ ಪಡೆದು, ಕೊನೆಗೆ ತಾವು ಕಲಿತ ಇಂಜಿನಿಯರಿಂಗ್‌ಗೆ ಸಂಬಂಧವೇ ಇಲ್ಲದ ಸೇಲ್ಸ್ ಕೆಲಸಕ್ಕೆ ಸೇರುತ್ತಾರೆ. ಆರು ವರ್ಷ ಓದಿದ ಮೇಲೂ ಒಂದು ಘಟಕದ ಲಾಭ ನಷ್ಟ ಅವರ ಕೈಗೆ ಹತ್ತುವುದಿಲ್ಲ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ (ಭಾರತೀಯ ನಿರ್ವಹಣಾ ಸಂಸ್ಥೆ) ಇದನ್ನು ಬಹಳ ಹಿಂದೆಯೇ ಅರಿತಿದೆ. ಅಲ್ಲಿನ ಎರಡು ವರ್ಷದ ಕೋರ್ಸಿನ ಆಯ್ಕೆಯಲ್ಲಿ ಕ್ಯಾಟ್ ಪ್ರವೇಶ ಪರೀಕ್ಷೆಯ ಅಂಕಗಳ ಜೊತೆಗೆ ಕೆಲಸದ ಅನುಭವಕ್ಕೂ ತೂಕವಿದೆ. ಒಂದು ವರ್ಷದ ಕೋರ್ಸಿಗಂತೂ ಕನಿಷ್ಠ 5 ವರ್ಷಗಳ ಅನುಭವ ಇರಲೇಬೇಕು. ಆದರೆ ಅಲ್ಲಿನ ಶುಲ್ಕ 20 ಲಕ್ಷ ರೂಪಾಯಿಗೂ ಹೆಚ್ಚು. ಸಣ್ಣ ಊರಿನ ಇಂಜಿನಿಯರ್‌ಗೆ ವ್ಯವಹಾರದ ಕಡೆ ಹೊರಳಲು ಕೈಗೆಟಕುವ ದಾರಿ ಎಂದರೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮತ್ತಿತರ ರಾಜ್ಯ ವಿಶ್ವವಿದ್ಯಾಲಯಗಳ ಎಂಬಿಎ ಮಾತ್ರ. ಆ ದಾರಿಯಲ್ಲೇ ಅನುಭವಕ್ಕೆ ಕಿಮ್ಮತ್ತಿಲ್ಲ ಎಂಬುದು ನನ್ನ ತಕರಾರು.

ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ದುಡಿದವರಿಗೆ ಪಿಜಿಸಿಇಟಿ ರ‍್ಯಾಂಕ್ ನಿರ್ಧರಿಸುವಾಗ ಕೆಲವು ಅಂಕಗಳನ್ನು ಸೇರಿಸಲಿ. ಸುಳ್ಳು ಅನುಭವ ಪತ್ರಗಳ ಹಾವಳಿ ಶುರುವಾಗುತ್ತದೆ ಎಂಬ ಆಕ್ಷೇಪ ಬರುವುದು ಖಚಿತ, ಅದು ನಿರಾಧಾರವೂ ಅಲ್ಲ. ಆದ್ದರಿಂದ ಲೆಟರ್‌ಹೆಡ್ ಮೇಲಿನ ಪತ್ರವನ್ನು ನಂಬದೆ, ತಿಂಗಳು ತಿಂಗಳು ಜಮೆಯಾದ ಭವಿಷ್ಯ ನಿಧಿಯ (ಪಿಎಫ್) ದಾಖಲೆಯನ್ನಷ್ಟೇ ಪುರಾವೆಯೆಂದು ಒಪ್ಪಬೇಕು. ಪಿಎಫ್ ಕಟ್ಟದ ತೀರಾ ಸಣ್ಣ ಘಟಕಗಳಲ್ಲಿ ದುಡಿದವರಿಗೆ ಇದರಿಂದ ಅನ್ಯಾಯವಾಗಬಹುದು. ಅಂಥವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ದಾಖಲೆಯನ್ನೋ ಬ್ಯಾಂಕ್ ಖಾತೆಗೆ ಬಂದ ಸಂಬಳದ ವಿವರವನ್ನೋ ಪರಿಗಣಿಸುವುದು ಕಷ್ಟವೇನಲ್ಲ. ಮನೆಯ ಪರಿಸ್ಥಿತಿಯಿಂದಾಗಿ ನೇರವಾಗಿ ಓದು ಮುಂದುವರಿಸಲೇಬೇಕಾದವರ ಹಾದಿಯನ್ನೂ ಮುಚ್ಚಬೇಕಿಲ್ಲ, ಏಕೆಂದರೆ ನಾನು ಕೇಳುತ್ತಿರುವುದು ಹೆಚ್ಚುವರಿ ಅಂಕವನ್ನೇ ಹೊರತು ಅರ್ಹತೆಯ ಹೊಸ ಷರತ್ತನ್ನಲ್ಲ.

ಮುಂದಿನ ಸಾಲಿನ ಪ್ರವೇಶ ಪರೀಕ್ಷೆಯ ಅಧಿಸೂಚನೆ ಹೊರಡುವ ಮೊದಲು ಉನ್ನತ ಶಿಕ್ಷಣ ಇಲಾಖೆಯು ವಿಶ್ವವಿದ್ಯಾಲಯಗಳನ್ನೂ ಜಿಲ್ಲಾ ಮಟ್ಟದ ಕೈಗಾರಿಕಾ ಸಂಘಗಳನ್ನೂ ಕರೆಸಿ ಈ ಬಗ್ಗೆ ಚರ್ಚಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಬೆಳಗಾವಿ