ಸೃಷ್ಟಿ–ವಿಕಾಸ ವಾದ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಹೇಳುವ ಸೃಷ್ಟಿಕಥೆ ಸರಿಯೋ, ಡಾರ್ವಿನ್ ಹೇಳಿದ ವಿಕಾಸ ಸರಿಯೋ ಅಂತ ಇಲ್ಲಿ ನಡೆದಿರುವ ವಾದ ಪೂರ್ತಿ ಓದಿದೆ. ವಾದ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿಂದಲೋ ಬಂದ ವಿಡಿಯೋ ಫಾರ್ವರ್ಡ್ ಮಾಡಿ ಸುಮ್ನೆ ಕೂರಬೇಡಿ, ನಿಮ್ಮ ಮಾತಲ್ಲೇ ಎರಡು ಸಾಲು ಬರೆಯಿರಿ.

ಭೂಮಿಗೆ ಬರೀ 6,000 ವರ್ಷ ಅನ್ನುವ ಲೆಕ್ಕ ಬೈಬಲಿನಲ್ಲಿ ಹಾಗೇ ಬರೆದಿಲ್ಲ. 17ನೇ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್, ಬೈಬಲಿನ ವಂಶಾವಳಿಗಳನ್ನೂ ಹಳೆಯ ರಾಜರ ಕಾಲವನ್ನೂ ಹಿಡಿದು ಕೂಡಿ ಕಳೆದು, ಸೃಷ್ಟಿ ಆದದ್ದು ಕ್ರಿ.ಪೂ. 4004ರಲ್ಲಿ ಅಂದರು. ಎಲ್ಲ ಕ್ರೈಸ್ತರೂ ಅದನ್ನೇ ನಂಬುತ್ತಾರೆ ಅಂತ ಕಿಚಾಯಿಸುವುದೂ ತಪ್ಪು. ಮನುಷ್ಯದೇಹದ ವಿಕಾಸದ ಬಗ್ಗೆ ತಜ್ಞರು ಚರ್ಚಿಸಬಹುದು ಅಂತ ಪೋಪ್ 12ನೇ ಪಯಸ್ 1950ರಲ್ಲೇ ಹೇಳಿದ್ದರು. ಆತ್ಮ ಮಾತ್ರ ದೇವರೇ ನೇರವಾಗಿ ಕೊಟ್ಟದ್ದು ಅನ್ನುವುದನ್ನು ಬಿಡಲಿಲ್ಲ. ವಿಶ್ವ ಮಹಾಸ್ಫೋಟದಿಂದ ಶುರುವಾಯಿತು ಅನ್ನುವ ಬಿಗ್ ಬ್ಯಾಂಗ್ ವಿಚಾರಕ್ಕೆ ನಾಂದಿ ಹಾಡಿದ ಬೆಲ್ಜಿಯಂನ ವಿಜ್ಞಾನಿ ಲಮೇತ್ರ್ ಕೂಡ ಪಾದ್ರಿಯೇ, ಅಲ್ವಾ?

ಇನ್ನು 'ಮಂಗ ಈಗ ಯಾಕೆ ಮನುಷ್ಯ ಆಗ್ತಿಲ್ಲ' ಅನ್ನುವ ಪ್ರಶ್ನೆ ದಯವಿಟ್ಟು ಸಾಕು. ಇವತ್ತಿನ ಮಂಗ ನಮ್ಮ ಅಜ್ಜ ಅಂತ ವಿಜ್ಞಾನ ಹೇಳಿಯೇ ಇಲ್ಲ, ದೂರದ ದಾಯಾದಿ ಅನ್ನುತ್ತದೆ ಅಷ್ಟೇ.

ಭಾನುವಾರ ಬೆಳಿಗ್ಗೆ 7ಕ್ಕೆ ಲಾಲ್‌ಬಾಗ್ ಬಂಡೆ ಹತ್ತಿರ ಸೇರೋಣ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅನ್ನುತ್ತಾರೆ ಭೂವಿಜ್ಞಾನಿಗಳು. ಒಪ್ಪದವರು ಖಂಡಿತ ಬನ್ನಿ, ಅಲ್ಲೇ ಕೂತು ಮಾತಾಡೋಣ. ಬರುವವರು ಶನಿವಾರ ಸಂಜೆಯೊಳಗೆ ಹೆಸರು ಹಾಕಿ, ತಿಂಡಿ ಹೇಳಬೇಕು.