ಮಿಂಚುಳ್ಳಿಯ ಬೆನ್ನಿನ ನೀಲಿ

ಪ್ರಿಯ ಗೆಳೆಯ,

ಅಂದು ಹಳ್ಳದ ದಂಡೆಯಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ, ಉಸಿರು ಬಿಗಿಹಿಡಿದು ನೀನು ತೋರಿಸಿದ ಆ ಮಿಂಚುಳ್ಳಿ ಕೊನೆಗೂ ಜಲವರ್ಣದಲ್ಲಿ ಕಾಗದಕ್ಕೆ ಇಳಿದಿದೆ. ಇದು ಐದನೆಯ ಪ್ರಯತ್ನ. ಇಷ್ಟು ತಿಂಗಳು ಯಾಕೆ ಹಿಡಿಯಿತು ಎಂದು ಕೇಳಿದ್ದೆಯಲ್ಲ, ಚಿತ್ರದ ಜತೆಗೆ ಅದನ್ನೂ ಬರೆದು ಕಳಿಸುತ್ತಿದ್ದೇನೆ.

ರೇಖೆಗಳು ಅಷ್ಟಾಗಿ ಕಾಡಲಿಲ್ಲ. ಗುಬ್ಬಚ್ಚಿಗಿಂತ ತುಸುವೇ ದೊಡ್ಡ ಹಕ್ಕಿ. ಕೊಕ್ಕಿನ ತುದಿಯಿಂದ ಬಾಲದವರೆಗೆ ಅಳೆದರೆ 16–17 ಸೆಂಟಿಮೀಟರ್, ಅದರಲ್ಲಿ ಕೊಕ್ಕೇ ಸುಮಾರು 4. ಹಾಗಾಗಿ ಇದ್ದಷ್ಟೇ ಗಾತ್ರದಲ್ಲಿ ಬರೆದೆ. ದೊಡ್ಡ ತಲೆ, ಮೋಟು ಬಾಲ, ಕುತ್ತಿಗೆ ಇದೆಯೋ ಇಲ್ಲವೋ ಎಂಬಂತಹ ಮೈ. ತಲೆಗೂ ಮೈಗೂ ನಡುವೆ ಒಂದು ಗೆರೆಯಷ್ಟು ಅಂತರ ಹೆಚ್ಚಾದರೂ ಅದು ಬೇರೆ ಯಾವುದೋ ಹಕ್ಕಿಯಾಗಿಬಿಡುತ್ತದೆ. ಪೆನ್ಸಿಲ್ಲನ್ನು ಹಗುರವಾಗಿ ಆಡಿಸಿದೆ. ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿದರೆ ಕಾಗದದ ಮೈ ಸವೆದು, ಮುಂದೆ ಬಣ್ಣ ಬಿದ್ದಾಗ ಅಲ್ಲಲ್ಲಿ ಕಪ್ಪಾಗಿ ಇಂಗುತ್ತದೆ.

ನನ್ನನ್ನು ಸೋಲಿಸಿದ್ದು ಬೆನ್ನಿನ ಆ ನೀಲಿ. ಹಾರಿದಾಗ ನೀರಿನ ಮೇಲೆ ಗೆರೆ ಎಳೆದಂತೆ ಹೊಳೆಯಿತಲ್ಲ, ಅದು. ಅಷ್ಟು ಹೊಳಪಿಗೆ ಅಷ್ಟೇ ಗಾಢ ಬಣ್ಣ ಬೇಕು ಎಂದುಕೊಂಡು ಮೊದಲ ಮೂರು ಚಿತ್ರಗಳಲ್ಲಿ ನೀಲಿಯ ಮೇಲೆ ನೀಲಿ ಬಳಿದೆ. ಪ್ರತಿ ಸಲವೂ ಸ್ಲೇಟಿನಂತೆ ಸತ್ತ ಬೆನ್ನು. ಆಮೇಲೆ ಗರಿಗಳ ಬಗ್ಗೆ ಓದಿದಾಗ ಎಡವಿದ್ದು ಎಲ್ಲಿ ಎಂದು ತಿಳಿಯಿತು. ಮಿಂಚುಳ್ಳಿಯ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ! ಗರಿಯ ಎಳೆಗಳ ಒಳಗೆ ಸ್ಪಂಜಿನಂತೆ ಅತಿ ಸೂಕ್ಷ್ಮ ರಂಧ್ರಗಳಿರುವ ಕೆರಾಟಿನ್ ಇದೆ, ನಮ್ಮ ಉಗುರು, ಕೂದಲುಗಳಲ್ಲಿರುವಂಥದೇ ಪ್ರೋಟೀನು. ಒಳಹೊಕ್ಕ ಬೆಳಕು ಅಲ್ಲಿ ಚದುರಿ, ನೀಲಿ ಭಾಗ ಮಾತ್ರ ಬಲವಾಗಿ ಹಿಂದಿರುಗುತ್ತದೆ. ಹೊಟ್ಟೆಯ ಕಿತ್ತಳೆ ಹಾಗಲ್ಲ, ಅದು ವರ್ಣದ್ರವ್ಯದಿಂದಲೇ ಬಂದದ್ದು. ಒಂದೇ ಅಂಗೈಯಗಲದ ಮೈಯಲ್ಲಿ ಎರಡು ಬಗೆಯ ಬಣ್ಣ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಜಲವರ್ಣದ ಹೊಳಪೂ ಹಿಂದಿರುಗುವ ಬೆಳಕಿನದೇ ತಾನೆ? ತೆಳುವಾದ ಬಣ್ಣವನ್ನು ಹಾದುಹೋದ ಬೆಳಕು ಬಿಳಿ ಕಾಗದಕ್ಕೆ ತಾಗಿ ಮರಳಿ ಬರಬೇಕು. ನಾನು ಮೂರು ಪದರ ಬಳಿದು ಆ ದಾರಿಯನ್ನೇ ಮುಚ್ಚಿದ್ದೆ.

ನಾಲ್ಕನೆಯದು ಅವಸರಕ್ಕೆ ಬಲಿಯಾಯಿತು. ನೀಲಿ ಇನ್ನೂ ಹಸಿಯಿರುವಾಗಲೇ ಎದೆಗೆ ಕಿತ್ತಳೆ ಹಾಕಿದೆ. ಒಂದಕ್ಕೊಂದು ಎದುರಾದ ಬಣ್ಣಗಳು ಅವು, ಬೆರೆತರೆ ಕೆಸರು. ರೆಕ್ಕೆಯ ಅಂಚಿನಿಂದ ಕಾಲಿನವರೆಗೆ ಬೂದುಗೆಸರು ಹರಿಯಿತು.

ಈ ಸಲ 300 ಜಿಎಸ್‌ಎಂ ತೂಕದ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಹತ್ತಿಯ ಕಾಗದ ತೆಗೆದುಕೊಂಡೆ. ಬೆನ್ನಿನ ಭಾಗವನ್ನಷ್ಟೇ ಶುದ್ಧ ನೀರಿನಿಂದ ಒದ್ದೆ ಮಾಡಿ, ನಿಂತ ನೀರಿನ ಹೊಳಪು ಇಳಿದು ಬರಿಯ ಪಸೆ ಉಳಿಯುವವರೆಗೆ ಕಾದೆ. ಆ ಗಳಿಗೆಯನ್ನು ಗಡಿಯಾರ ಹೇಳುವುದಿಲ್ಲ, ಕಾಗದವನ್ನು ಓರೆಯಾಗಿ ಹಿಡಿದು ಕಣ್ಣಿನಿಂದಲೇ ಅರಿಯಬೇಕು. ಬೆನ್ನಿನ ನಡುಪಟ್ಟಿಗೆ ಕೋಬಾಲ್ಟ್ ಟರ್ಕ್ವಾಯ್ಸ್ ಎಂಬ ಹಸಿರುಮಿಶ್ರಿತ ನೀಲಿ ಮುಟ್ಟಿಸಿದೆ, ನಟ್ಟನಡುವೆ ಕಾಗದದ ಬಿಳುಪು ಇಣುಕುವಷ್ಟು ತೆಳ್ಳಗೆ. ಎರಡೂ ಬದಿಯ ರೆಕ್ಕೆಗಳಿಗೆ ಥ್ಯಾಲೋ ಎಂಬ ಕಡು ನೀಲಿ, ಕುಂಚದ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟೇ. ಥ್ಯಾಲೋ ಕಾಗದಕ್ಕೆ ಕಚ್ಚಿಕೊಂಡಿತೆಂದರೆ ನೀರು ಹಾಕಿ ಎತ್ತಲು ಬರುವುದಿಲ್ಲ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ಬೇಕಾದದ್ದಕ್ಕಿಂತ ಒಂದು ಪಾಲು ಗಾಢವಾಗಿ ಹಾಕಿ, ಕುಂಚ ಕೆಳಗಿಟ್ಟು, ಕೋಣೆಯಿಂದ ಎದ್ದು ಹೊರಗೆ ಹೋದೆ. ಇಡೀ ಕೆಲಸದಲ್ಲಿ ಕಷ್ಟವಾದದ್ದು ಅದೇ.

ಮರುದಿನ ಎದೆಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ತುಸು ಕಿತ್ತಳೆ ಬೆರೆಸಿ ಹಾಕಿದೆ. ನೀಲಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಕಾಗದವನ್ನು ಹಾಗೇ ಬಿಟ್ಟಿದ್ದೇನೆ. ರೆಕ್ಕೆಯ ಮೇಲಿನ ಚುಕ್ಕೆಗಳನ್ನು ನಾನು ಬರೆದಿಲ್ಲ. ಒಣಗಿದ ತಿಳಿನೀಲಿಯ ಮೇಲೆ ಎರಡನೆಯ ಬಣ್ಣ ಹಾಕುವಾಗ ಅವುಗಳ ಸುತ್ತ ಸುಳಿದು ಬಂದೆ. ಕಣ್ಣಿಗೆ ಕಪ್ಪು ಬಳಸದೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದೆ. ಬರಿಯ ಕಪ್ಪು ಕಾಗದದಲ್ಲಿ ತೂತು ಕೊರೆದಂತೆ ಕಾಣುತ್ತದೆ. ಕೆಳಕೊಕ್ಕಿಗೆ ಕೆಂಪು ಕೊಟ್ಟಿದ್ದೇನೆ, ಏಕೆಂದರೆ ನಾವು ನೋಡಿದ್ದು ಹೆಣ್ಣು. ಗಂಡಿನ ಕೊಕ್ಕು ಪೂರ್ತಿ ಕಪ್ಪು.

ಎಡರೆಕ್ಕೆಯ ಕೆಳಗೆ ಮೋಡದ ಅಂಚಿನಂತಹ ಒಂದು ಕಲೆ ಕಾಣುತ್ತದೆ. ಅರೆ ಒಣಗಿದ ಬಣ್ಣಕ್ಕೆ ಕುಂಚದಿಂದ ಒಂದು ಹನಿ ನೀರು ಬಿದ್ದು ಹಾಗಾಯಿತು. ತಿದ್ದಲು ಹೋದರೆ ಸುತ್ತಲಿನ ನೀಲಿಯೂ ಕೆಡುತ್ತಿತ್ತು, ಬಿಟ್ಟೆ. ಕೊಂಬೆಯ ಕೆಳಗೆ ನೀರು ಬರೆಯುವ ಆಸೆಯಿತ್ತು. ಎರಡು ಬಾರಿ ಕುಂಚ ಎತ್ತಿ, ಎರಡು ಬಾರಿಯೂ ಇಳಿಸಿದೆ.

ಕಟ್ಟು ಹಾಕಿಸುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಇಡಿಸು. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಅದಕ್ಕೂ ಮೊದಲು ಕಿಟಕಿಯ ಬಳಿ ಹಿಡಿದು, ಬಾಲದ ಬುಡದ ಹತ್ತಿರ ಆ ನೀಲಿ ಸರಿಯಾಗಿ ಬಂದಿದೆಯೇ ನೋಡಿ ಬರೆ. ಹಕ್ಕಿ ಹಾರಿದಾಗ ನಾನು ಎಡವಿ ಕೆಳಗೆ ನೋಡುತ್ತಿದ್ದೆ. ಕೊನೆಯವರೆಗೆ ಕಣ್ಣು ಕೀಳದೆ ನೋಡಿದವನು ನೀನು.

ನಿನ್ನ,
ಗೆಳೆಯ